ದೊಲ್ಗುಶಿನ್ ಜಾರಲಿಲ್ಲ

ಐದು ಸಂಸಾರಗಳಿಗೆ ಒಂದೇ ಅಡುಗೆಮನೆ. ಅಲ್ಲಿ ಗಂಜಿ ಕದಡುತ್ತ ನಿಂತಿದ್ದ ಸಾವೆಲಿ ದೊಲ್ಗುಶಿನ್, ಪಕ್ಕದ ಒಲೆಯ ಮುಂದಿದ್ದ ನೆರೆಯವಳತ್ತ ತಿರುಗಿ, ಈ ತಿಂಗಳ ಉಕ್ಕು ಎಲ್ಲಿ ಎಂದು ಗದರಿದ. ಆಕೆ ಬೆಚ್ಚಲಿಲ್ಲ. ಉಕ್ಕಿನ ವಿಷಯ ತನಗೆ ಗೊತ್ತಿಲ್ಲ, ತನ್ನ ಉಪ್ಪಿನ ಡಬ್ಬಿ ಮಾತ್ರ ಅವನ ಕೈಯಲ್ಲಿದೆ, ಅದನ್ನಿಟ್ಟು ಮಾತಾಡಲಿ ಎಂದಳು. ಇಟ್ಟ. ನಾಟಕದ ಮಾತು ಬಾಯಿಗೆ ಬಂದಿತ್ತು, ಅಷ್ಟು ಸಾಕು.

ಈಗ ಐವತ್ತು ದಾಟಿರುವ ದೊಲ್ಗುಶಿನ್ ವೋಲ್ಗಾ ದಂಡೆಯ ನಮ್ಮ ಊರಿನ ನಾಟಕಶಾಲೆಗೆ ಸೇರಿದ್ದು ಯುದ್ಧ ಮುಗಿದ ಮೇಲೆ, ಸೈನ್ಯದ ಬೂಟುಗಳಲ್ಲೇ. ಗಂಟಲು ದೊಡ್ಡದೆಂದು ಮೊದಲು ಪರದೆಯ ಹಿಂದೆ ಗುಡುಗು, ಕುದುರೆ, ಜನಜಂಗುಳಿ ಮಾಡಿಸಿದರು. ಆಮೇಲೆ ತಪ್ಪು ಮಾಡಿದ ಮೇಸ್ತ್ರಿಯ ಪಾತ್ರ ಕೊಟ್ಟರು. ಮೂರನೆಯ ಅಂಕದಲ್ಲಿ ಟೊಪ್ಪಿಗೆ ತೆಗೆದು, ಎಲ್ಲವನ್ನೂ ಒಪ್ಪಿಕೊಂಡು ಕಣ್ಣೊರೆಸಿಕೊಳ್ಳುವುದನ್ನು ಆತ ಎಷ್ಟು ಚೆನ್ನಾಗಿ ಮಾಡಿದನೆಂದರೆ, ಬೇರೆ ಪಾತ್ರವೇ ಸಿಗದಾಯಿತು. ಹಾಲಿಗೆ ನೀರು ಬೆರೆಸಿದ್ದಕ್ಕೆ, ಟ್ರ್ಯಾಕ್ಟರ್ ಕೆಡಿಸಿದ್ದಕ್ಕೆ, ಹೊಸ ಯಂತ್ರವನ್ನು ನಂಬದೆ ಹೋದದ್ದಕ್ಕೆ, ಎಲ್ಲಕ್ಕೂ ಪಶ್ಚಾತ್ತಾಪಪಟ್ಟ. ಊರಲ್ಲಿ ನಲ್ಲಿ ಕೆಟ್ಟರೂ, ದೊಲ್ಗುಶಿನ್ನನ್ನು ಕರೆಯಿರಿ, ಒಪ್ಪಿಕೊಳ್ಳುತ್ತಾನೆ ಎನ್ನುವುದು ರೂಢಿಯಾಯಿತು.

ಈ ಮಾರ್ಚಿನಲ್ಲಿ ಅದೃಷ್ಟ ತಿರುಗಿತು. ಉಕ್ಕಿನ ಕಾರ್ಖಾನೆಯ ಕುರಿತ ಹೊಸ ನಾಟಕದಲ್ಲಿ ಕಾರ್ಖಾನೆಯ ಮುಖ್ಯಸ್ಥನಾಗಬೇಕಿದ್ದ ನಟ ಕಾಲು ಮುರಿದುಕೊಂಡ. ಪಾತ್ರ ದೊಲ್ಗುಶಿನ್ನನ ಪಾಲಿಗೆ ಬಂತು. ಅದರ ಬೆನ್ನಿಗೇ ‘ಗೌರವಾನ್ವಿತ ಕಲಾವಿದ’ ಬಿರುದಿಗೆ ನಾಟಕಶಾಲೆ ಅವನ ಹೆಸರು ಕಳಿಸಿತು. ಬಿರುದು ಬಂದರೆ ಸ್ವಂತ ಅಡುಗೆಮನೆಯಿರುವ ಮನೆ. ನಾಟಕಶಾಲೆಯ ಉಡುಪುಗಳನ್ನು ನೋಡಿಕೊಳ್ಳುವ ಅವನ ಹೆಂಡತಿ ರಿಮ್ಮಾ ಆಗಲೇ ಕಿಟಕಿ ಪರದೆಗೆ ಬಟ್ಟೆ ಆರಿಸಿದ್ದಳು. ತಾಲೀಮು ನೋಡಿ ಪಾತ್ರಕ್ಕೂ ಬಿರುದಿಗೂ ಒಪ್ಪಿಗೆ ಕೊಡಬೇಕಾದವನು ಪ್ರಾಂತದ ಅಧಿಕಾರಿ ಸಬೂರೊವ್.

ಅವನು ಬಂದ ದಿನ ಹಿಮ ಕರಗಿ ಅಂಗಳವೆಲ್ಲ ಕಪ್ಪು ರಾಡಿ. ಮುಖ್ಯಸ್ಥನ ಬೂದು ಸೂಟು ತೊಟ್ಟ ದೊಲ್ಗುಶಿನ್, ಕಂಕುಳಲ್ಲಿ ನಾಟಕದ ಪ್ರತಿ ಇಟ್ಟುಕೊಂಡು, ಕೈಕುಲುಕಲು ಮುಂದೆ ಹೋದ. ಪ್ರತಿ ಜಾರಿ ರಾಡಿಗೆ ಬಿತ್ತು.

ನಾಟಕದವರಲ್ಲಿ ಒಂದು ನಿಯಮವಿದೆ: ಪ್ರತಿ ಬಿದ್ದರೆ ನಟ ಅದು ಬಿದ್ದಲ್ಲೇ ಅದರ ಮೇಲೆ ಕೂತು, ಆಮೇಲೆ ಎತ್ತಬೇಕು. ಇಲ್ಲದಿದ್ದರೆ ನಾಟಕ ನೆಲಕಚ್ಚುತ್ತದೆ. ದೇವರಿಲ್ಲ ಎಂದು ರಂಗದ ಮೇಲೆ ವಾರಕ್ಕೆರಡು ಸಲ ಸಾರುವವರೂ ಇದನ್ನು ಮೀರುವುದಿಲ್ಲ. ಸಬೂರೊವ್ ಸೌಜನ್ಯಕ್ಕೆ ಅದನ್ನೆತ್ತಲು ಬಗ್ಗಿದ. ದೊಲ್ಗುಶಿನ್ ಅವನ ಕೈಯನ್ನು ಸರಿಸಿ, ಕೋಟಿನ ಅಂಚು ಎತ್ತಿ ಹಿಡಿದು, ರಾಡಿಯಲ್ಲಿ ಕೂತ. ತಂಡದವರು ಸಮಾಧಾನದ ಉಸಿರುಬಿಟ್ಟರು. ರಿಮ್ಮಾ ಪ್ಯಾಂಟನ್ನೇ ನೋಡಿದಳು.

ಕುಡಿದಿದ್ದಾನೆಯೇ ಎಂದು ಸಬೂರೊವ್ ಕೇಳಿದ. ನಾಟಕಶಾಲೆಯ ವ್ಯವಸ್ಥಾಪಕಿ ಕಪಿತೊಲಿನಾ ಫೊಮಿನಿಚ್ನಾ, ಇಲ್ಲ, ಪಾಪ, ಜಾರಿದ, ಮೊನ್ನೆ ಇಲ್ಲೇ ತಾನೂ ಜಾರಿದ್ದೆ ಎಂದಳು. ಆದರೆ ಸಬೂರೊವ್ ಹಿಂದೆ ಸರ್ಕಸ್ಸಿನಲ್ಲಿ ಗುಮಾಸ್ತನಾಗಿದ್ದವನು. ಬೀಳುವವರನ್ನು ಸಾಕಷ್ಟು ಕಂಡಿದ್ದ.

“ಜಾರಿದ್ರೋ, ಕೂತ್ರೋ, ಸಾವೆಲಿ ಅರ್ಕಾದ್ಯೆವಿಚ್? ಜಾರಿದ್ರೆ ನಡೀರಿ, ಒಳಗೆ ಹೋಗೋಣ. ಮೂಢನಂಬಿಕೆಯವ್ರಿಗೆ ಬಿರುದು ಕೊಡ್ಸಿ ನಾನು ಬೈಸ್ಕೊಳ್ಳಕ್ಕಾಗಲ್ಲ.”

“ಜಾರ್ದೆ ಅನ್ನು, ಸಾವಾ,” ಎಂದಳು ರಿಮ್ಮಾ. “ಮಾಡ್ದೇ ಇರೋದನ್ನೆಲ್ಲ ದಿನಾ ಒಪ್ಕೋತೀಯ. ಇದೊಂದನ್ನೂ ಒಪ್ಕೊಂಬಿಡು.”

ದೊಲ್ಗುಶಿನ್ ಕೂತಲ್ಲೇ ಯೋಚಿಸಿದ. ಜಾರಿ ಬಿದ್ದದ್ದು ಕೂತ ಲೆಕ್ಕಕ್ಕೆ ಬರುವುದಿಲ್ಲ, ಬೇಕೆಂದೇ ಕೂರಬೇಕು. ಜಾರಿದೆ ಎಂದರೆ ಪ್ಯಾಂಟೂ ಹೋಯಿತು, ಬದುಕಿನ ಮೊದಲ ದೊಡ್ಡ ಪಾತ್ರವೂ ಹೋಯಿತು.

“ಕೂತೆ,” ಎಂದ. “ನಾಟ್ಕ ಗೆಲ್ಬೇಕಲ್ಲ, ಕಾಮ್ರೇಡ್. ನೀವು ಎತ್ತಿದ್ರೆ ಮುಗೀತಿತ್ತು.”

ಸಬೂರೊವ್ ಕರವಸ್ತ್ರದಿಂದ ಕೈ ಒರೆಸಿಕೊಂಡು ಒಳಗೆ ನಡೆದ. ಕುರ್ಚಿಗಳು ಹೊಸವೆಂದು ದೊಲ್ಗುಶಿನ್ನನ್ನು ಕೂರಗೊಡಲಿಲ್ಲ; ಇಡೀ ತಾಲೀಮು ಒದ್ದೆ ಪ್ಯಾಂಟಿನಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಗದರಿದ. ಕಾರ್ಖಾನೆಯ ಮುಖ್ಯಸ್ಥರು ಹೀಗೇ ಇರುತ್ತಾರೆ ಎಂದು ಸಬೂರೊವ್ ಮೆಚ್ಚಿ, ಪಾತ್ರಕ್ಕೆ ಒಪ್ಪಿಗೆ ಕೊಟ್ಟ. ಬಿರುದಿನ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ವರ್ಷ ನೋಡೋಣ ಎಂದು ಹೊರಟುಹೋದ.

ರಿಮ್ಮಾ ಮಾತಾಡಿದ್ದು ಸಂಜೆ, ಆ ಪ್ಯಾಂಟು ಒಗೆಯುವಾಗ. “ನಾಟ್ಕ ಏನಾದ್ರೂ ಬಿದ್ರೆ, ನಿನ್ನ ಮೇಲೆ ನಾನು ಕೂರ್ತೀನಿ.”

ಶನಿವಾರ ಮೊದಲ ಪ್ರದರ್ಶನ. ಟಿಕೆಟ್‌ಗಳನ್ನೆಲ್ಲ ಕಾರ್ಮಿಕರ ಸಂಘವೇ ಹಂಚಿದೆ. ಭಿತ್ತಿಪತ್ರದ ಮೊದಲ ಸಾಲಿನಲ್ಲಿ ದೊಲ್ಗುಶಿನ್ನನ ಹೆಸರು ಬಿರುದಿಲ್ಲದೆ ಅಚ್ಚಾಗಿದೆ.