ಜುಬೇದಾ ಆಂಟಿ ಬಿರಿಯಾನಿ ಮಾಡುವುದಿಲ್ಲ

ಸಿಟ್ಟು ಬಂದಾಗ ಜುಬೇದಾ ಆಂಟಿ ಅಕ್ಕಿ ತೊಳೆಯುತ್ತಿದ್ದರು. ಬೇರೆಯವರಾದರೆ ಪಾತ್ರೆ ಕುಕ್ಕುತ್ತಾರೆ, ದಢಾರನೆ ಬಾಗಿಲು ಹಾಕಿಕೊಳ್ಳುತ್ತಾರೆ. ಇವರು ಬಾಯಿ ಬಿಗಿದು ಸಿಂಕಿನ ಮುಂದೆ ನಿಂತು, ಗುಂಡುಗುಂಡನೆಯ ಜಪಾನಿ ಅಕ್ಕಿಯನ್ನು ಬೋಗುಣಿಗೆ ಸುರಿದುಕೊಂಡು, ಅಂಗೈಯಲ್ಲಿ ತಿಕ್ಕಿ, ಬಸಿದು, ಮತ್ತೆ ತಿಕ್ಕಿ, ತಿಳಿನೀರು ಬರುವ ತನಕ ಬಿಡುತ್ತಿರಲಿಲ್ಲ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನನಗೆ ನಲ್ಲಿಯ ಸದ್ದು ಕೇಳಿದರೆ ಸಾಕು, ಇವತ್ತು ಯಾರದೋ ಗ್ರಹಚಾರ ಕೆಟ್ಟಿದೆ ಅಂತ ಗೊತ್ತಾಗುತ್ತಿತ್ತು. ಒಮ್ಮೊಮ್ಮೆ ಅದು ನನ್ನದೇ ಆಗಿರುತ್ತಿತ್ತು. ನಾನು ಬೆಳಿಗ್ಗೆ ತಿಂಡಿ ತಿನ್ನದೆ ವೆಲಿಂಗ್ಟನ್ ರೈಲಿಗೆ ಓಡಿದ್ದು ಸಂಜೆಯ ಹೊತ್ತಿಗೆ ಅವರ ಕಿವಿಗೆ ಬಿದ್ದಿರುತ್ತಿತ್ತು.

ಮನೆ ನ್ಯೂಜಿಲೆಂಡಿನಲ್ಲಿ, ವೆಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿ. ನಾನು ಮೈಸೂರಿನಿಂದ ಓದಲು ಬಂದವಳು, ಶುದ್ಧ ಸಸ್ಯಾಹಾರಿ, ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವವಳು. ಆಂಟಿ ಗದಗಿನವರು. ಅವರ ಯಜಮಾನರದು ಹಳೆಯ ಕಾರುಗಳ ವ್ಯಾಪಾರ. ಜಪಾನಿನಲ್ಲಿ ಹರಾಜಿನಲ್ಲಿ ಕಾರು ಹಿಡಿದು ನ್ಯೂಜಿಲೆಂಡಿನ ಹಡಗಿಗೆ ಹತ್ತಿಸುವುದು. ಮದುವೆಯಾದ ಹೊಸದರಲ್ಲಿ ಆಂಟಿ ಹೋಗಿ ಇಳಿದದ್ದು ಜಪಾನಿನ ಒಂದು ಬಂದರಿನ ಊರಿಗೆ. ಮಗಳು ಹುಟ್ಟಿ ಬೆಳೆದದ್ದೂ ಅಲ್ಲೇ. ಆಮೇಲೆ, ಕಳಿಸುವುದಕ್ಕಿಂತ ಇಳಿಸಿಕೊಂಡು ಮಾರುವುದೇ ಲಾಭ ಅನ್ನಿಸಿ, ಸಂಸಾರ ಸಮೇತ ಇಲ್ಲಿಗೆ ಬಂದರು. "ನಾನೂ ಜಪಾನ್ ಇಂಪೋರ್ಟ್ ಮಾಲ್ ನೋಡವಾ. ಬಾಡಿ ಒಂದೀಟು ಉಬ್ಬೈತಿ, ಎಂಜಿನ್ ಗಟ್ಟಿ ಐತಿ," ಎಂದು ತಮ್ಮ ಸೊಂಟ ತಟ್ಟಿಕೊಂಡು ನಗುತ್ತಿದ್ದರು.

ಆ ಬಂದರಿನ ಊರಿನ ಮೊದಲ ಚಳಿಗಾಲದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಗಂಡ ಹರಾಜಿಗೆ ಅಂತ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಹೊರಗೆ ಮೊಳಕಾಲುದ್ದ ಹಿಮ. ಒಂದೇ ಒಂದು ದೊಡ್ಡ ಅಂಗಡಿ, ತುಂಬಾ ತಿನ್ನುವ ಸಾಮಾನು, ಯಾವುದರಲ್ಲಿ ಹಂದಿಯ ಕೊಬ್ಬಿದೆ, ಯಾವುದರಲ್ಲಿ ಮದ್ಯ ಬೆರೆಸಿದ್ದಾರೆ ಅಂತ ಓದಲು ಬಾರದು. ಬ್ರೆಡ್ಡಿನಲ್ಲೂ ಇರಬಹುದು, ಸೋಯಾ ಸಾಸಿನಲ್ಲೂ ಇರಬಹುದು. ಹೀಗಾಗಿ ಬಾಳೆಹಣ್ಣು, ಮೊಟ್ಟೆ, ಬರೀ ಅನ್ನ. "ಅಂಗಡಿ ತುಂಬ ಊಟ, ನಾ ನಡುವ ಉಪಾಸ. ಅತ್ತೇನಿ ನೋಡು, ಹಾಲಿನ ಫ್ರಿಜ್ಜಿನ ಮುಂದ ನಿಂತು ಅತ್ತೇನಿ."

ಹಾಗೆ ಅಳುತ್ತಿದ್ದವರನ್ನು ಪಕ್ಕದ ಮನೆಯ ಅಜ್ಜಿ ನೋಡಿದಳು. ಭಾಷೆ ಇಬ್ಬರಿಗೂ ಇಲ್ಲ. ಆಂಟಿ ಹಂದಿಯ ಹಾಗೆ ಗುರ್ ಎಂದು ತೋರಿಸಿ, ಕುಡುಕನ ಹಾಗೆ ತೂರಾಡಿ ತೋರಿಸಿ, ಎರಡಕ್ಕೂ ಬೇಡ ಬೇಡ ಎಂದು ಕೈಯಾಡಿಸಿದರಂತೆ. ಅಜ್ಜಿ ಗಂಭೀರವಾಗಿ ತಲೆದೂಗಿ, ಕನ್ನಡಕ ಏರಿಸಿ, ಒಂದೊಂದೇ ಪೊಟ್ಟಣ ಎತ್ತಿ ಸಣ್ಣ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಆಗುವುದಾದರೆ ಬುಟ್ಟಿಗೆ. ಆಗದಿದ್ದರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡಡ್ಡ ಇಟ್ಟು ಒಂದು ಕತ್ತರಿ. ಅಂದಿನಿಂದ ಅವಳು ಬಾರದೆ ಆಂಟಿ ಅಂಗಡಿಗೆ ಹೋಗಲಿಲ್ಲ. "ಯಾಕ ತಿನ್ನಂಗಿಲ್ಲ ಅಂತ ಆಕಿ ಒಂದ್ ಸಲಾನೂ ಕೇಳ್ಲಿಲ್ಲ. ಏನ್ ತಿನ್ನಂಗಿಲ್ಲ ಅಷ್ಟ ಕೇಳಿದ್ಲು," ಎನ್ನುವಾಗ ಆಂಟಿಯ ದನಿ ಮೆತ್ತಗಾಗುತ್ತಿತ್ತು.

ಆಮೇಲೆ ಶುರುವಾಯಿತು ರುಚಿ ನೋಡುವ ಕೆಲಸ. ಹಣ್ಣೆಂದು ಬಾಯಿ ತುಂಬ ಹಾಕಿಕೊಂಡದ್ದು ಉಪ್ಪಿನಲ್ಲಿ ಹಾಕಿದ ಉಮೆಬೋಷಿ ಎಂಬ ಹುಳಿಗಾಯಿ. ಕಣ್ಣಲ್ಲಿ ನೀರು ಬಂದರೂ ನಮ್ಮ ಹಳೆಯ ನಿಂಬೆ ಉಪ್ಪಿನಕಾಯಿಯ ಅಕ್ಕನ ಹಾಗಿದೆ ಅನ್ನಿಸಿ ಇನ್ನೊಂದು ತಿಂದರಂತೆ. ನಾಟೋ ಅಂತ ಹುದುಗಿಸಿದ ಸೋಯಾ ಕಾಳು ಇದೆಯಲ್ಲ, ನೂಲಿನ ಹಾಗೆ ಲೋಳೆ ಎಳೆಯುತ್ತದೆ, ವಾಸನೆ ದೇವರಿಗೇ ಪ್ರೀತಿ. ಅದನ್ನು ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ಸು ಒಯ್ದರು. ಅಂಗಡಿಯವನು ಮೂಸಿ, ತಾಜಾ ಇದೆ ಎಂದು ಸಂತೋಷದಿಂದ ಹಿಂದಕ್ಕೆ ಕೊಟ್ಟ! ಕೊನೆಗೆ ಊರಿಂದ ತಂದ ಶೇಂಗಾ ಚಟ್ನಿಪುಡಿಯನ್ನು ಅದರ ಮೇಲೆ ಉದುರಿಸಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಬಿಸಿ ಅನ್ನಕ್ಕೆ ಕಲಸಿ ತಿಂದರು. ಅಜ್ಜಿಗೂ ಕೊಟ್ಟರು. ಅಜ್ಜಿ ಮರುದಿನ ಖಾಲಿ ಬಟ್ಟಲು ಹಿಡಿದು ಬಂದು, ಆ ಕೆಂಪು ಪುಡಿ ಇನ್ನೂ ಇದೆಯೇ ಎಂದು ಸನ್ನೆ ಮಾಡಿದಳಂತೆ.

ಅದೇ ಉಪಚಾರವನ್ನು ಆಂಟಿ ನನಗೆ ಮಾಡಿದರು. ಇಲ್ಲಿ ಮಾಲ್‌ಗೆ ಹೋದರೆ ಸುಶಿ, ಸ್ಟೇಶನ್ನಿಗೆ ಹೋದರೆ ಸುಶಿ. ನಾನು ಮಾತ್ರ ಮೀನಿಗೆ ಹೆದರಿ, ಬಾಯಿ ಚಪ್ಪರಿಸುತ್ತ ದೂರ ನಿಲ್ಲುವವಳು. ತರಕಾರಿಯದೆಂದು ಬರೆದ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ ಎಂದು ಹೇಳಿಕೊಟ್ಟವರೇ ಆಂಟಿ. ಏಷ್ಯನ್ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋಗಿ, ಪೊಟ್ಟಣದ ಬೆನ್ನು ಓದಿ, ಮೀನು ಕಂಡರೆ ನಡು ಅಂಗಡಿಯಲ್ಲಿ ಎದೆಯ ಮುಂದೆ ಕೈ ಕತ್ತರಿ ಹಾಕಿ ನಿಲ್ಲುತ್ತಿದ್ದರು. ಟ್ರಾಲಿ ತಳ್ಳುವ ಜನ ಬೆರಗಾಗಿ ನೋಡಿದರೆ ಅವರಿಗೇನು! ಮನೆಯಲ್ಲಿ ಕಡಲಪಾಚಿ ಮತ್ತು ಒಣ ಅಣಬೆ ನೆನೆಹಾಕಿ ಸಾರಿನ ನೀರು ತೆಗೆಯುತ್ತಿದ್ದರು. ಕರಿದ ತೋಫು, ಅಂದರೆ ಸೋಯಾ ಪನೀರಿನ ಸಣ್ಣ ಚೀಲಗಳನ್ನು ಕುದಿನೀರಿಗೆ ಹಾಕಿ ಎಣ್ಣೆ ತೆಗೆದು, ಆ ಸಾರಿನಲ್ಲಿ ಸಿಹಿಯಾಗಿ ಬೇಯಿಸಿ, ಒಳಗೆ ವಿನಿಗರ್ ಬೆರೆಸಿದ ಹುಳಿಯನ್ನ ತುಂಬಿದರೆ ಅದು ಇನಾರಿ. ಜಪಾನಿನವರು ಬುತ್ತಿಗೆ ಒಯ್ಯುವ ಸಾದಾ ತಿಂಡಿ. ಅದನ್ನು ನಾನು ಮೊದಲ ಸಲ ತಿಂದ ದಿನ ಆಂಟಿ ನನ್ನ ಮುಖವನ್ನೇ ನೋಡುತ್ತ ಎದುರಿಗೆ ಕೂತಿದ್ದರು. "ಹೆಂಗೈತಿ? ಸುಳ್ಳ ಹೇಳಬ್ಯಾಡ," ಅಂದರು. ನಾನು ಮೂರನೆಯದಕ್ಕೆ ಕೈ ಹಾಕಿದೆ.

ಅವರಿಗೆ ಇದ್ದ ಆಸೆ ಒಂದೇ. ತಾನು ಅತ್ತು ಕಲಿತ ಈ ಊಟವನ್ನು ನಮ್ಮ ಕನ್ನಡದ ಜನ ಒಂದು ಸಲ ತನ್ನ ಕೈಯಿಂದ ತಿನ್ನಬೇಕು. ನೋಡಿ, ಎಷ್ಟು ಸಣ್ಣ ಆಸೆ! ಇದಕ್ಕೂ ಕಲ್ಲು ಹಾಕುವವರಿರುತ್ತಾರೆಯೇ?

ಇರುತ್ತಾರೆ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಊಟಕ್ಕೆ ಮನೆಗೊಂದು ಅಡುಗೆ. ಊಟದ ಉಸ್ತುವಾರಿ ಪ್ರಕಾಶ್ ಅಂಕಲ್‌ದು. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಈ ದೇಶಕ್ಕೆ ಬಂದಿಳಿದ ದಿನ ಏರ್‌ಪೋರ್ಟಿಗೆ ಬಂದು ಸೂಟ್‌ಕೇಸ್ ಹೊತ್ತವರು, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಓಡುವವರು. ಅವರೇ ಕೂಟದ ವಾಟ್ಸಾಪ್ ಗುಂಪಿನಲ್ಲಿ, ಯಾರನ್ನೂ ಕೇಳದೆ, 'ಜುಬೇದಾ ಆಂಟಿ: ಬಿರಿಯಾನಿ' ಎಂದು ಹಾಕಿದರು. ಕೆಳಗೆ ನಾಲಿಗೆ ಚಪ್ಪರಿಸುವ ಚಿತ್ರಗಳ ಮೆರವಣಿಗೆ.

"ನಾ ಎಂದರ ಬಿರಿಯಾನಿ ಮಾಡೇನೇನ? ನಮ್ಮವ್ವಗೂ ಬರ್ತಿದ್ದಿಲ್ಲ. ನಮ್ಮನ್ಯಾಗ ರೊಟ್ಟಿ, ಪುಂಡಿಪಲ್ಯ. ಹೆಸರು ಜುಬೇದಾ ಅಂದಕೂಡ್ಲೆ ಹಂಡೆ ಒಲಿಮ್ಯಾಲ ಇಟ್ಟೇಬಿಟ್ರಾ?" ಎಂದು ಆಂಟಿ ಅಕ್ಕಿ ತೊಳೆದರು. ಹುಳಿಯನ್ನಕ್ಕೆ ಹೇಗೂ ಬೇಕಿತ್ತು. ನಾನೂ ಜೊತೆಗೆ ನಿಂತು ತೋಫು ಚೀಲ ತುಂಬಿದೆ. ದೊಡ್ಡ ಚಪ್ಪಟೆ ಡಬ್ಬಿ ತುಂಬ ಸಾಲಾಗಿ ಜೋಡಿಸಿ, ಮೇಲೆ 'ಜಪಾನಿನ ಇನಾರಿ: ವೆಜ್, ಮೀನಿಲ್ಲ, ಮೊಟ್ಟೆಯಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆವು.

ಹಾಲ್‌ನಲ್ಲಿ ನಾವು ಡಬ್ಬಿ ಇಟ್ಟದ್ದು ವೆಜ್ ಟೇಬಲ್ ಮೇಲೆ. ನಾಡಗೀತೆ ಮುಗಿಸಿ, ಮಕ್ಕಳ ಕುಣಿತ ನೋಡಿ ಬರುವಷ್ಟರಲ್ಲಿ ಅದು ನಾನ್‌ವೆಜ್ ಟೇಬಲ್ಲಿನ ತುದಿಯಲ್ಲಿ ಕೂತಿತ್ತು. ಆ ಸಾಲಿನವರು ಕೋಳಿ ಸಾರು ಹಾಕಿಕೊಂಡು, "ಬಿರಿಯಾನಿ ಎಲ್ಲಿ, ಬಿರಿಯಾನಿ ಎಲ್ಲಿ?" ಎಂದು ಹುಡುಕುತ್ತ ಡಬ್ಬಿಯನ್ನು ದಾಟಿ ಹೋಗುತ್ತಿದ್ದರು. ಮುಚ್ಚಳ ಹಾಕಿದ್ದು ಹಾಕಿದ ಹಾಗೆಯೇ ಇತ್ತು.

"ಅಂಕಲ್, ಅದು ವೆಜ್. ಯಾಕೆ ಅಲ್ಲಿಟ್ರಿ?" ಎಂದೆ.

"ಜಪಾನಿ ತಿಂಡಿ ಅಂದ್ಮೇಲೆ ಮೀನಿಲ್ದೆ ಇರುತ್ತೇನಮ್ಮಾ?"

"ಇಲ್ಲ ಅಂಕಲ್. ನಾನೇ ಜೊತೆಗಿದ್ದು ಮಾಡಿದ್ದೀನಿ. ನಾನೇ ತಿಂತೀನಿ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಹಾಗಲ್ಲ ಕಣಮ್ಮಾ. ಪಾತ್ರೆ ಅವರ ಮನೇದು. ಹಿರಿಯರಿದ್ದಾರೆ, ಮಡಿಯವರಿದ್ದಾರೆ. ನೀನೇ ಅರ್ಥ ಮಾಡ್ಕೋಬೇಕು. ಹೇಳಿದ್ ಹಾಗೆ ಬಿರಿಯಾನಿ ತಂದಿದ್ರೆ ಈ ರಗಳೆನೇ ಇರ್ತಿರ್ಲಿಲ್ಲ."

ಆಂಟಿ ಬಡಿಸುವ ಚಮಚ ಹಿಡಿದು ನನ್ನ ಹಿಂದೆಯೇ ನಿಂತಿದ್ದರು. ಇಡೀ ಹಾಲ್‌ಗೆ ಕೇಳುವ ಹಾಗೆ ಅಂದರು: "ಪ್ರಕಾಶ್ ಅವರ, ನನ್ನ ಪಾತ್ರಿ ನಿಮಗ ಆಗೂದಿಲ್ಲ, ಬಿರಿಯಾನಿ ಅಷ್ಟ ಆಗ್ತೈತೇನ್ರಿ? ಬಿರಿಯಾನಿ ಏನ್ ಪಾತ್ರಿ ಇಲ್ದ ಆಕಾಶದಾಗ ಬೇಯ್ತೈತಾ?"

ಭಾಷಣದಲ್ಲಿ ಆಗಷ್ಟೇ ಸರ್ವ ಜನಾಂಗದ ತೋಟದ ಮಾತಾಡಿದ್ದ ಬಾಯಿಗಳೆಲ್ಲ ಹೋಳಿಗೆ ಅಗಿಯುತ್ತಿದ್ದವು. ನಾನು ಡಬ್ಬಿ ಎತ್ತಿ ತಂದು ವೆಜ್ ಟೇಬಲ್ಲಿನ ನಟ್ಟನಡುವೆ, ಕೋಸಂಬರಿಯನ್ನು ಸರಿಸಿ, ಕುಕ್ಕಿದೆ. ಮುಚ್ಚಳ ತೆಗೆದು ನಿಂತಲ್ಲೇ ತಿಂದೆ. ನನ್ನ ಪಕ್ಕದಲ್ಲಿದ್ದವರೊಬ್ಬರು ತಮ್ಮ ತಟ್ಟೆಯನ್ನು ಒಂದಿಷ್ಟು ಆಚೆಗೆ ಎಳೆದುಕೊಂಡರು. ಆ ಎಳೆತವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಮನೆಗೆ ಬಂದ ಮೇಲೆ ಇನ್ನು ಆ ಕಡೆ ತಲೆ ಹಾಕಬೇಡಿ ಎಂದು ನಾನು ಕೂಗಾಡಿದೆ. ಆಂಟಿ ಕೇಳುವ ಗಿರಾಕಿಯೇ ಅಲ್ಲ. "ಯಾಕ ಬಿಡ್ಲಿ? ಕನ್ನಡ ಅವರಪ್ಪಂದೇನ? ಪ್ರತಿ ವರ್ಷ ಹೋಗ್ತೇನಿ. ಇದನ್ನ ಒಯ್ತೇನಿ. ಬಿರಿಯಾನಿ ಮಾತ್ರ ಸತ್ರೂ ಒಯ್ಯೂದಿಲ್ಲ," ಅಂದರು. ಹಾಗೇ ಮಾಡಿದರು ಕೂಡ. ವರ್ಷ ವರ್ಷವೂ ಗುಂಪಿನಲ್ಲಿ ಅವರ ಹೆಸರಿನ ಮುಂದೆ ಬಿರಿಯಾನಿ ಎಂದು ಬರುತ್ತಿತ್ತು, ವರ್ಷ ವರ್ಷವೂ ಇನಾರಿಯ ಡಬ್ಬಿ ಹೋಗಿ ವೆಜ್ ಟೇಬಲ್ ಮೇಲೆ ಕೂರುತ್ತಿತ್ತು. ಹೊಸದಾಗಿ ಬಂದ ಓದುವ ಹುಡುಗ ಹುಡುಗಿಯರು ಒಂದೆರಡು ತಿನ್ನುತ್ತಿದ್ದರು. ಉಳಿದದ್ದನ್ನು ನಾನೂ ಆಂಟಿಯೂ ಕಾರಿನಲ್ಲಿ ಕೂತು ತಿನ್ನುತ್ತಿದ್ದೆವು. ಆಂಟಿಯ ಮೇಲೂ ನನಗೆ ಸಿಟ್ಟೇ. ಬೇಡ ಎಂದವರ ಬಾಗಿಲಿಗೆ ಇಷ್ಟು ಚೆಂದದ ಅಡುಗೆ ಹೊತ್ತುಕೊಂಡು ಹೋಗುವುದೇಕೆ? ಕೇಳಿದರೆ, "ಒಬ್ಬರರೆ ತಿಂತಾರ ತಡಿ," ಎನ್ನುತ್ತಿದ್ದರು.

ಆಮೇಲೆ ಹೊಟ್ಟೆಯ ಕಾಯಿಲೆ ಬಂತು. ಎಂಜಿನ್ ಗಟ್ಟಿ ಎನ್ನುತ್ತಿದ್ದವರು ಹಾಸಿಗೆಯಲ್ಲಿ ಸಣ್ಣಗಾದರು. ದೂರದ ಪಾಪಕುರಾ ಊರಿನಿಂದ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ತಾಯಿ ಕನ್ನಡದಲ್ಲಿ ಗದರಿಸಿದರೆ ಅವಳು ಇಂಗ್ಲಿಷಿನಲ್ಲಿ ಸಮಾಧಾನ ಮಾಡುವಳು. ಓದು ಮುಗಿದು ಬೇರೆ ಮನೆ ಮಾಡಿಕೊಂಡಿದ್ದ ನಾನು ಕೊನೆಯ ಸಲ ಹೋದಾಗ ಗಂಜಿ ಮಾಡಿ, ಅದರ ಮೇಲೊಂದು ಉಪ್ಪುಹುಳಿಯ ಉಮೆಬೋಷಿ ಇಟ್ಟುಕೊಂಡು ಹೋಗಿದ್ದೆ. ಅರ್ಧ ಚಮಚ ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು.

"ಈ ವರ್ಷ ಡಬ್ಬಿ ನೀ ಒಯ್ಯಿ," ಅಂದರು.

"ನಾನು ಒಯ್ಯಲ್ಲ ಆಂಟಿ. ಅಲ್ಲಿ ಕಾಲಿಟ್ರೆ ನನಗೆ ಮೈಯೆಲ್ಲ ಉರಿಯುತ್ತೆ."

"ಉರೀಲಿ. ಸಿಟ್ಟಿನ ಕೂಡಾನ ಒಯ್ಯಿ. ನಾ ಏನ್ ನಕ್ಕೋತ ಒಯ್ತಿದ್ದೆ ಅಂತ ತಿಳ್ಕೊಂಡೀಯೇನ?"

ಅಷ್ಟು ವರ್ಷ ಜೊತೆಗಿದ್ದು ನನಗೆ ಅದು ಗೊತ್ತೇ ಇರಲಿಲ್ಲ. ಕೈ ಹಿಡಿದುಕೊಂಡು ಕೂತೆ. ಅವರು ಹಾಗೇ ನಿದ್ದೆ ಹೋದರು.

ಮಣ್ಣಾದ ದಿನ ಸಂಜೆ ಕೂಟದ ವಾಟ್ಸಾಪ್ ಗುಂಪಿನಲ್ಲಿ ಪ್ರಕಾಶ್ ಅಂಕಲ್ ಬರೆದರು: 'ನಗುಮುಖದ ಜುಬೇದಾ ಆಂಟಿ ಇನ್ನಿಲ್ಲ, ಅವರ ಕೈಯ ಬಿರಿಯಾನಿಯ ರುಚಿ ಇನ್ನೂ ನಮ್ಮ ನಾಲಿಗೆಯ ಮೇಲಿದೆ.' ಅದರ ಕೆಳಗೆ ಒಬ್ಬರಾದ ಮೇಲೊಬ್ಬರು ಕೈಮುಗಿದರು. ಹೌದು, ಅಂಥ ಬಿರಿಯಾನಿ ಮತ್ತೆಲ್ಲೂ ತಿಂದಿಲ್ಲ ಎಂದು ಒಬ್ಬರು. ಮಸಾಲೆಯ ಗುಟ್ಟು ಕೇಳಬೇಕೆಂದಿದ್ದೆ, ಆಗಲೇ ಇಲ್ಲ ಎಂದು ಇನ್ನೊಬ್ಬರು. ತಟ್ಟೆ ಆಚೆಗೆ ಎಳೆದುಕೊಂಡಿದ್ದ ಮಹಾತಾಯಿ ಅಳುವ ಮುಖದ ಚಿತ್ರ ಹಾಕಿದ್ದರು.

'ಆಂಟಿ ನಿಮಗೆ ಯಾವತ್ತೂ ಬಿರಿಯಾನಿ ಮಾಡಿಲ್ಲ. ಮಾಡಿ ತಂದದ್ದನ್ನು ನೀವು ತಿನ್ನಲಿಲ್ಲ,' ಎಂದು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಸತ್ತವರ ಹೆಸರಲ್ಲಿ ಜಗಳ ಬೇಡಮ್ಮಾ, ಡಿಲೀಟ್ ಮಾಡಿಬಿಡು. ಎಲ್ರಿಗೂ ಬೇಜಾರಾಗಿದೆ," ಎಂದರು ಪ್ರಕಾಶ್ ಅಂಕಲ್. ದನಿ ನಿಜವಾಗಿಯೂ ಒಡೆದಿತ್ತು, ಅತ್ತಿದ್ದರು.

"ಮಾಡಲ್ಲ ಅಂಕಲ್."

ಅವರು, "ಮತ್ತೆ... ಅದೇನೋ ಜಪಾನಿದು ಅಂತ ಡಬ್ಬೀಲಿ ಪ್ರತಿ ವರ್ಷ ತರ್ತಿದ್ರಲ್ಲ, ಅದು ಏನು?" ಎಂದು ಕೇಳಿದರು.

"ಮುಚ್ಚಳ ತೆಗೆದು ನೋಡಬೇಕಿತ್ತು," ಎಂದು ಫೋನ್ ಇಟ್ಟೆ.