ಚೆನ್ನಾಗಿದೆ ಅಂತ ಬಂದ ರಿಪೋರ್ಟು

ನಮ್ಮ ಸಲೂನಿನಲ್ಲಿ ಅವಳನ್ನ ಕತ್ತರಿ ಅಂತಲೇ ಕರೆಯೋದು. ಹೆಸರು ಅಂತ ಒಂದಿದೆ, ಅದು ಸಂಬಳದ ದಿನ ಮಾತ್ರ ಕೆಲಸಕ್ಕೆ ಬರುತ್ತೆ. ಸೇರಿದ ಮೊದಲ ವಾರ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತು, "ತುದಿ ಮಾತ್ರ ತೆಗಿ, ಜಾಸ್ತಿ ಹೋದ್ರೆ ನೋಡು ಮತ್ತೆ" ಅಂತ ಧಮಕಿ ಹಾಕಿದಳು. ಇವಳು ಹೂಂ ಅಂದು ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡು, ಭುಜದವರೆಗೂ ಇಳಿಸಿಬಿಟ್ಟಳು. ಪಕ್ಕದ ಕುರ್ಚಿಯಲ್ಲಿ ಹುಬ್ಬು ತಿದ್ದುತ್ತಿದ್ದ ನಾನು, ಮುಗೀತು ಇವಳ ಕಥೆ, ನಾಳೆಯಿಂದ ಮನೆ ಅಂದುಕೊಂಡೆ. ಆ ಹೆಂಗಸು ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಅಯ್ಯೋ, ಇದನ್ನ ಮದುವೆಗೆ ಮುಂಚೆನೇ ಮಾಡಿಸಬೇಕಿತ್ತು" ಅಂದಳು. ಇವಳು ಅದಕ್ಕೂ ಹೂಂ ಅಂದಳು, ಅಷ್ಟೇ. ಹೊಗಳಿದರೂ ಹೂಂ, ಬೈದರೂ ಹೂಂ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ, ಅದು ಊರಿಗೆಲ್ಲ ಗೊತ್ತು. ಇಂಥ ತಣ್ಣಗಿನ ಹುಡುಗಿ ನಮ್ಮ ಮನೆಗೆ ಬಂದರೆ ಲೆಕ್ಕ ಸರಿಹೋಗುತ್ತೆ ಅಂತ ನಾನೇ ಅವಳನ್ನ ನನ್ನ ತಮ್ಮನಿಗೆ ತಂದುಕೊಂಡೆ. ಮದುವೆಗೆ ಮುಂಚೆ ನನ್ನನ್ನ ಅಕ್ಕ ಅಂತಿದ್ದಳು, ಆಮೇಲೂ ಅದೇ ಉಳೀತು. ಅವರಿಬ್ಬರೂ ಮಹಡಿ ಮೇಲೆ, ನಾನು ಕೆಳಗೆ. ನನ್ನ ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು, ಮಕ್ಕಳು ಅವರವರ ದಾರಿ ಹಿಡಿದಿದ್ದರು. ಹಾಗಾಗಿ ಅಡುಗೆ ಒಂದೇ, ಊಟ ಒಟ್ಟಿಗೆ.

ತಮ್ಮ ಬೇಕರಿಯಲ್ಲಿ ಬ್ರೆಡ್ ಮಾಡುತ್ತಿದ್ದ. ಓದು ತಲೆಗೆ ಹತ್ತಲಿಲ್ಲ, ಹಿಟ್ಟು ಕೈಗೆ ಹತ್ತಿತು. ಓವನ್ ಬಾಗಿಲು ತೆಗೆದಾಗ ಅವನ ಮುಖ ನೋಡಬೇಕಿತ್ತು ನೀವು. ಇಷ್ಟಗಲ. ಹಿಟ್ಟು ಉಬ್ಬಿದೆಯಾ ಇಲ್ಲವಾ ಅನ್ನೋದನ್ನ ಮನೆಗೆ ಬಂದು ನಮಗೆ ವರದಿ ಒಪ್ಪಿಸುತ್ತಿದ್ದ, ನಾವೇನೋ ಅವನ ಮೇಲಧಿಕಾರಿಗಳು ಅನ್ನೋ ಹಾಗೆ. ಕತ್ತರಿ ಕೇಳಿಸಿಕೊಂಡು ಹೂಂ ಅನ್ನುತ್ತಿದ್ದಳು. ಅವರಿಬ್ಬರ ಪ್ರೀತಿ ಅಂದರೆ ಅದೇ. ನೋಡೋಕೆ ಏನೂ ಇರಲಿಲ್ಲ, ಆದರೆ ಇತ್ತು.

ಮಗು ಆಗಲಿಲ್ಲ. ಎರಡು ವರ್ಷ ಕಾದು, ಕತ್ತರಿ ತಾನಾಗಿಯೇ ಡಾಕ್ಟರ ಹತ್ತಿರ ಹೋದಳು. ನಾನೂ ಜೊತೆಗೆ ಹೋದೆ, ಇವಳು ಅಲ್ಲೂ ಬರೀ ಹೂಂ ಅಂದುಬಿಟ್ಟರೆ ಕಷ್ಟ ಅಂತ. ಡಾಕ್ಟರಮ್ಮ ವಯಸ್ಸು ಕೇಳಿದರು, ಮುಟ್ಟಿನ ಲೆಕ್ಕ ಕೇಳಿದರು, ರಕ್ತ ಪರೀಕ್ಷೆ ಬರೆದುಕೊಟ್ಟರು. ಮುಟ್ಟಾದ ಮೂರನೇ ದಿನ ಒಂದು, ಮುಂದಿನ ಮುಟ್ಟಿಗೆ ವಾರ ಇದೆ ಅನ್ನುವಾಗ ಇನ್ನೊಂದು. ಮೊದಲನೆಯದರಲ್ಲಿ ಅಂಡಾಶಯದ ಶಕ್ತಿ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತಂತೆ, ಎರಡನೆಯದರಲ್ಲಿ ಆ ತಿಂಗಳು ಮೊಟ್ಟೆ ಹೊರಗೆ ಬಂತಾ ಇಲ್ಲವಾ ಅಂತ. ಲ್ಯಾಬಿನ ಹುಡುಗಿ ಕೈಗೆ ರಬ್ಬರ್ ಕಟ್ಟಿ, "ಮುಷ್ಟಿ ಹಿಡೀರಿ. ಏನಾದ್ರೂ ಔಷಧಿ ತಗೋತಿದ್ದೀರಾ?" ಅಂದಳು. "ಇಲ್ಲ" ಅಂದಳು ಕತ್ತರಿ. ನಾನು ಪಕ್ಕದಲ್ಲೇ ಕೂತಿದ್ದೆ. ನನಗೂ ಅದು ಸುಳ್ಳು ಅನಿಸಲಿಲ್ಲ, ಯಾಕಂದರೆ ಅದು ಸುಳ್ಳಲ್ಲ.

ರಿಪೋರ್ಟು ಬಂತು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿ, "ತುಂಬಾ ಚೆನ್ನಾಗಿದೆ ಕಣಮ್ಮ. ನಿಮ್ಮದೇನೂ ತೊಂದರೆ ಇಲ್ಲ. ಗಂಡನನ್ನ ಕರ್ಕೊಂಡು ಬನ್ನಿ" ಅಂದರು.

ತಮ್ಮನ ವೀರ್ಯಾಣು ಸ್ವಲ್ಪ ಕಮ್ಮಿ ಅಂತ ಬಂತು. ಸ್ವಲ್ಪವೇ. ಆದರೆ ಹೆಂಡತಿಯದು ಅಷ್ಟು ಚೆನ್ನಾಗಿರುವಾಗ ಗಂಡನ ಸ್ವಲ್ಪವೇ ದೊಡ್ಡದಾಗಿ ಕಾಣುತ್ತೆ. ಏನು ಕೆಲಸ ಅಂತ ಕೇಳಿದರು. ಇಡೀ ದಿನ ಓವನ್ ಮುಂದೆ ನಿಲ್ಲೋದು ಅಂದ. ಬಿಸಿ ಒಳ್ಳೇದಲ್ಲ, ಬೇರೆ ಕೆಲಸ ಸಿಕ್ಕರೆ ನೋಡಿ ಅಂದರು. ನೋಡಿ ಅಂದದ್ದು ಅಷ್ಟೇ. ನನ್ನ ತಮ್ಮ ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಳ್ಳುವ ಜಾತಿ. ಆ ತಿಂಗಳೇ ಬೇಕರಿ ಬಿಟ್ಟ. ಎಲ್ಲಿಗೆ ಹೋದ ಅಂತೀರಾ? ಐಸ್‌ಕ್ರೀಮ್ ಗೋದಾಮಿಗೆ! ಬಿಸಿ ಬೇಡ ಅಂದರೆ ಫ್ರಿಡ್ಜ್ ಒಳಗೇ ನೌಕರಿ ಹಿಡಿದ ಪುಣ್ಯಾತ್ಮ. ಎರಡು ಸ್ವೆಟರು, ಕಿವಿ ಮುಚ್ಚೋ ಟೋಪಿ, ಉಣ್ಣೆಯ ಕೈಗವಸು. ಬೆರಳ ತುದಿ ಒಡೆದು ರಕ್ತ ಬರೋದು, ಕತ್ತರಿ ಸಲೂನಿನ ಕ್ರೀಮು ತಂದು ಹಚ್ಚುತ್ತಿದ್ದಳು. ಸಿಗರೇಟು ಬಿಟ್ಟ, ಬಿಸಿನೀರ ಸ್ನಾನ ಬಿಟ್ಟ. ಯಾರಾದರೂ ಮಕ್ಕಳ ವಿಷಯ ಎತ್ತಿದರೆ, ಇನ್ನೊಬ್ಬರು ಬಾಯಿ ತೆಗೆಯೋ ಮುಂಚೆ, "ಐಬು ನಂದೇ, ಅವಳದ್ದಲ್ಲ" ಅಂತ ತಾನೇ ಮುಂದಾಗಿ ಹೇಳಿಬಿಡುತ್ತಿದ್ದ. ತಟ್ಟೆ ನೋಡಿಕೊಂಡು ಹೇಳುತ್ತಿದ್ದ. ನನ್ನ ಹೊಟ್ಟೆ ಉರಿದುಹೋಗೋದು. ಹಿಟ್ಟಿನ ಸುದ್ದಿ ಹೇಳುತ್ತಿದ್ದ ಬಾಯಿ ಅದು.

ಹೀಗೆ ಮೂರು ವರ್ಷ. ವರ್ಷಕ್ಕೆ ಎರಡು ಸಲ ಕತ್ತರಿಯ ರಕ್ತ, ಎರಡು ಸಲವೂ ಚೆನ್ನಾಗಿದೆ. ನಡುವೆ ಅವಳ ಮುಟ್ಟು ಏರುಪೇರಾಗತೊಡಗಿತು, ಒಂದು ತಿಂಗಳು ಬೇಗ, ಒಂದು ತಿಂಗಳು ಇಲ್ಲವೇ ಇಲ್ಲ. ಇದ್ದಕ್ಕಿದ್ದ ಹಾಗೆ ಮೈ ಬೆವೆತು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಫ್ಯಾನ್ ಕೆಳಗೆ ನಿಲ್ಲೋಳು. ಡಾಕ್ಟರಿಗೆ ಹೇಳಿದಳು, ನಾನೂ ಗಂಟಲು ಎತ್ತರಿಸಿ ಹೇಳಿದೆ. "ಟೆನ್ಷನ್ ಇರಬೇಕು. ರಿಪೋರ್ಟ್ ನೋಡಿ, ಹೇಗಿದೆ!" ಅಂದರು. ಮೈ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ, ಕಾಗದ ಹೇಳಿದ್ದು ಬಿತ್ತು. ಹೋಗಲಿ ಬಿಡಿ, ಆ ಹೆಂಗಸನ್ನ ಬೈದು ಬೈದು ನನ್ನ ನಾಲಿಗೆಯೇ ಸವೆದಿದೆ.

ಈಗ ಕೂದಲಿನ ಮಾತ್ರೆಯ ವಿಷಯ ಹೇಳಬೇಕು. ನಮ್ಮ ಸಲೂನಿನ ಗಾಜಿನ ಕಪಾಟಿನಲ್ಲಿ ಶಾಂಪೂ, ಎಣ್ಣೆ, ಸೀರಮ್ಮಿನ ಪಕ್ಕ ಒಂದು ಡಬ್ಬಿ ಇರುತ್ತೆ. ಕೂದಲು ದಟ್ಟವಾಗೋಕೆ, ಉಗುರು ಗಟ್ಟಿಯಾಗೋಕೆ. ಬಯೋಟಿನ್ ಅಂತ ಅದರಲ್ಲಿರೋ ವಿಟಮಿನ್ನಿನ ಹೆಸರು. ಕೆಲಸದವರಿಗೆ ಅರ್ಧ ಬೆಲೆ. ಎಲ್ಲರೂ ತಗೋತಾರೆ, ಕತ್ತರಿ ಎರಡು ತಗೋತಿದ್ದಳು, ಬೆಳಿಗ್ಗೆ ಒಂದು ಸಂಜೆ ಒಂದು. ಅವಳ ಕೂದಲೇ ನಮ್ಮ ಜಾಹೀರಾತು. ಗಿರಾಕಿಗಳು ಅವಳ ತಲೆ ತೋರಿಸಿ, "ನಂಗೂ ಹೀಗೆ ಬರಬೇಕು" ಅಂತ ಡಬ್ಬಿ ಒಯ್ಯೋರು. ಅದು ನಮಗೆ ಔಷಧಿ ಅಲ್ಲ. ಶಾಂಪೂ ತಲೆಗೆ ಹಾಕ್ತೀವಿ, ಇದನ್ನ ಬಾಯಿಗೆ ಹಾಕ್ತೀವಿ, ಅಷ್ಟೇ ವ್ಯತ್ಯಾಸ.

ಒಂದು ಮಧ್ಯಾಹ್ನ ಟೀಚರಮ್ಮ ಬಣ್ಣ ಹಚ್ಚಿಸಿಕೊಳ್ಳೋಕೆ ಬಂದರು. ಹಳೇ ಗಿರಾಕಿ, ಕೂತರೆ ಪಾಠ ಶುರು. ಕತ್ತರಿ ಬೈತಲೆ ತೆಗೆದು ಬ್ರಷ್ಷಿನಿಂದ ಬುಡಕ್ಕೆ ಬಣ್ಣ ಬಳಿಯುತ್ತಿದ್ದಳು. ಡಬ್ಬಿ ಖಾಲಿಯಾಗಿರಬೇಕಲ್ಲ, ಇನ್ನೊಂದು ಕೊಡಲಾ ಅಂತ ಕೇಳಿದಳು.

"ಈ ವಾರ ಬೇಡಮ್ಮ" ಅಂದರು ಟೀಚರಮ್ಮ. "ನಾಳೆ ಥೈರಾಯ್ಡ್ ಟೆಸ್ಟ್ ಇದೆ. ಅದಕ್ಕೆ ಮುಂಚೆ ಇದನ್ನ ನಿಲ್ಲಿಸಿ ಬನ್ನಿ ಅಂದಿದ್ದಾರೆ. ಹೋದ ಸಲ ನನ್ನ ರಿಪೋರ್ಟು ತಲೆಕೆಳಗಾಗಿ ಬಂದಿತ್ತಲ್ಲ, ಅದು ನಿಮ್ಮ ಈ ಮಾತ್ರೆಯಿಂದಂತೆ! ಕೆಲವು ಮೆಷಿನ್ನುಗಳಿಗೆ ಇದು ಮೋಸ ಮಾಡುತ್ತಂತೆ ನೋಡು."

ಬ್ರಷ್ಷು ನಿಲ್ಲಲಿಲ್ಲ. ಕತ್ತರಿ ಒಂದು ಎಳೆ ಮುಗಿಸಿ, ಇನ್ನೊಂದು ಎತ್ತಿ, ಅದಕ್ಕೂ ಹಚ್ಚಿ, ಆಮೇಲೆ ಕೇಳಿದಳು. "ಥೈರಾಯ್ಡಿಗೆ ಮಾತ್ರನಾ?"

"ಹಾರ್ಮೋನ್ ಟೆಸ್ಟು ಅಂದ್ರು. ಯಾಕೆ, ನೀನೂ ಮಾಡಿಸ್ತೀಯಾ?"

"ಹೂಂ."

ನನ್ನ ಕುರ್ಚಿಯಲ್ಲಿದ್ದ ಹುಡುಗಿ ಅಮ್ಮಾ ಅಂತ ಕಿರುಚಿದಳು, ಹುಬ್ಬಿನ ಮೇಲೆ ದಾರ ಜೋರಾಗಿ ಎಳೆದಿದ್ದೆ. ಕತ್ತರಿ ಟೀಚರಮ್ಮನ ಕಿವಿ ಮೇಲೆ ಬಿದ್ದ ಬಣ್ಣವನ್ನ ಹತ್ತಿಯಿಂದ ಒರೆಸಿ, ಟೈಮರ್ ತಿರುಗಿಸಿಟ್ಟಳು. ಟವೆಲ್ ಒಗೆಯೋ ಹಿಂದಿನ ಕೋಣೆಗೆ ಅವಳನ್ನ ಎಳೆದುಕೊಂಡು ಹೋದೆ.

"ಲ್ಯಾಬಲ್ಲಿ ಪ್ರತಿ ಸಲ ಕೇಳಿದ್ರಲ್ಲೇ, ಔಷಧಿ ತಗೋತೀರಾ ಅಂತ!"

"ಕೇಳಿದ್ರು. ಇದು ಔಷಧಿ ಅಲ್ವಲ್ಲ ಅಕ್ಕ. ಕೂದಲಿಂದು."

ಅವತ್ತಿಂದ ನಿಲ್ಲಿಸಿದಳು. ಮುಂದಿನ ಮುಟ್ಟಿಗೆ ಕಾದು, ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಬೇರೆ ಡಾಕ್ಟರ ಹತ್ತಿರ ಹೋದೆವು, ತಮ್ಮನಿಗೆ ಹೇಳದೆ. ಈ ಸಲ ಡಬ್ಬಿಯನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಡಾಕ್ಟರು ವಯಸ್ಸಾದವರು. ಹಿಂದಿನ ರಿಪೋರ್ಟುಗಳನ್ನೆಲ್ಲ ತಿರುವಿ, ಹೊಸದನ್ನ ಪಕ್ಕಕ್ಕಿಟ್ಟು, ಒಂದೊಂದೇ ಅಂಕಿ ಹೋಲಿಸಿ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಆ ಮಾತ್ರೆ ಮೈಯಲ್ಲಿದ್ದಾಗ, ಮೇಲಿರಬೇಕಾದ ಅಂಕಿ ಕೆಳಗೆ ಕಂಡಿದೆ, ಕೆಳಗಿರಬೇಕಾದ್ದು ಮೇಲೆ ಕಂಡಿದೆ. ಎರಡು ತಪ್ಪೂ ಸೇರಿ ಚೆನ್ನಾಗಿದೆ ಅಂತ ಆಗಿದೆ. ಮಾತ್ರೆಯಿಂದ ಅಂಡಾಶಯಕ್ಕೆ ಏನೂ ಆಗಿಲ್ಲ. ಅದು ತನ್ನಷ್ಟಕ್ಕೆ, ವಯಸ್ಸಿಗೆ ಮುಂಚೆಯೇ ಮುಗಿಯುತ್ತಾ ಬಂದಿತ್ತು. ಮಾತ್ರೆ ಅದನ್ನ ಮುಚ್ಚಿಟ್ಟಿತು, ಅಷ್ಟೇ.

"ಮೂರು ವರ್ಷದ ಹಿಂದೆ ಗೊತ್ತಾಗಿದ್ರೆ?" ಅಂದೆ ನಾನು.

"ಪ್ರಯತ್ನ ಮಾಡಬಹುದಿತ್ತು" ಅಂದರು. "ಈಗ ಸ್ವಂತ ಮೊಟ್ಟೆಯಿಂದ ಆಗೋದು ಬಹಳ ಕಷ್ಟ. ಬೇರೆ ದಾರಿಗಳಿವೆ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ."

ಕತ್ತರಿ ಹೂಂ ಅಂದಳು. ಆಚೆ ಬಂದು ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ನನಗೆ ಜಾಗ ಮಾಡಿಕೊಟ್ಟಳು. ನಾನು ಅತ್ತೆ, ಬಸ್ಸಲ್ಲಿ ನಾಲ್ಕು ಜನ ತಿರುಗಿ ನೋಡೋ ಹಾಗೆ ಅತ್ತೆ. ಅವಳು ನನ್ನ ಕೈ ಹಿಡಿದು ಹೊರಗೆ ನೋಡುತ್ತಿದ್ದಳು. ಮಧ್ಯಾಹ್ನ ಕೆಲಸಕ್ಕೂ ಬಂದಳು. ಎರಡು ಕಟಿಂಗ್, ಒಂದು ಬಣ್ಣ, ಒಂದಕ್ಕೂ ಹೆಸರಿಡೋ ಹಾಗಿರಲಿಲ್ಲ.

ಮನೆಯಲ್ಲಿ ಮಾತಾಡಬೇಕಲ್ಲ. ಅದನ್ನೇ ಮಾಡಲಿಲ್ಲ. ದಿನ ಕಳೆಯಿತು, ವಾರ ಕಳೆಯಿತು. ತಮ್ಮ ಗೋದಾಮಿನಿಂದ ಬಂದು ಬೆರಳಿಗೆ ಕ್ರೀಮು ಹಚ್ಚಿಸಿಕೊಳ್ಳುತ್ತಲೇ ಇದ್ದ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲೋದಿಲ್ಲ, ಆದರೆ ಇದನ್ನ ಹೇಳಬೇಕಾದವಳು ಅವಳು. ಒಂದು ದಿನ ತಡೆಯಲಾರದೆ, "ಏನೇ, ಅವನನ್ನ ಇನ್ನೆಷ್ಟು ದಿನ ಹಿಮದಲ್ಲಿ ನಿಲ್ಲಿಸ್ತೀಯ?" ಅಂತ ರೇಗಿಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ಹೇಳೋಕೆ ಹೋಗ್ತೀನಿ ಅಕ್ಕ, ಒಳಗೆ ಏನೂ ಅನಿಸಲ್ಲ. ಹಲ್ಲು ಕೀಳೋಕೆ ಮುಂಚೆ ಸೂಜಿ ಹಾಕ್ತಾರಲ್ಲ, ಹಾಗಾಗಿದೆ. ಈ ಮುಖ ಇಟ್ಕೊಂಡು ಹೇಳಿದ್ರೆ, ಇವಳಿಗೆ ಮಗು ಬೇಕೇ ಇರಲಿಲ್ಲ ಅಂದುಕೋತಾರೆ. ನಿಮ್ಮ ಮುಂದೆ ಹೇಳ್ತೀನಿ. ನೀವು ಕೂತಿರಿ."

ಭಾನುವಾರ ಊಟ ಆದ ಮೇಲೆ ನನ್ನ ಅಡುಗೆಮನೆಯಲ್ಲೇ ಹೇಳಿದಳು. ತಮ್ಮ ತಟ್ಟೆ ತೊಳೆಯುತ್ತಿದ್ದ. ಇವಳು ಪಕ್ಕದಲ್ಲಿ ನಿಂತು, ತೊಳೆದ ತಟ್ಟೆ ಇಸಿದುಕೊಂಡು ಒರೆಸುತ್ತಾ ಹೇಳಿದಳು. ಮಾತ್ರೆ, ಟೀಚರಮ್ಮ, ಹೊಸ ರಿಪೋರ್ಟು, ಡಾಕ್ಟರು ಅಂದದ್ದು. ಬಸ್ಸು ಎಷ್ಟು ಗಂಟೆಗೆ ಅಂತ ಹೇಳಿದ ಹಾಗೆ, ಒಂದಾದ ಮೇಲೆ ಒಂದು. "ತೊಂದರೆ ಇದ್ದದ್ದು ನಂದು ರೀ. ಮೊದಲಿಂದಲೂ."

ನಲ್ಲಿ ಹರಿಯುತ್ತಲೇ ಇತ್ತು. ತಮ್ಮ ಅವಳ ಕಡೆ ತಿರುಗಿದ.

"ಹಾಗಾದ್ರೆ ನಂದಲ್ವಾ?" ಅಂದ.

"ಅಲ್ಲ."

"ನನ್ನಿಂದ ಅಲ್ವಾ? ನಿಜವಾಗ್ಲೂ?"

"ನಿಮ್ಮದು ಸ್ವಲ್ಪ ಕಮ್ಮಿ ಅಷ್ಟೇ ಅಂತೆ. ಅದರಿಂದ ಮಗು ಆಗೋದೇನೂ ತಪ್ಪುತ್ತಿರಲಿಲ್ಲವಂತೆ."

ನಕ್ಕುಬಿಟ್ಟ! ಆ ಹೊತ್ತಲ್ಲಿ, ಆ ಮಾತಿಗೆ, ಬಾಯಿ ತುಂಬಾ ನಕ್ಕ ಕಣ್ರೀ. ಇಷ್ಟು ವರ್ಷ ಬಾಗಿದ್ದ ಭುಜ ನೆಟ್ಟಗಾಯಿತು. ನನಗೆ ಎದ್ದು ಕಪಾಳಕ್ಕೆ ಬಾರಿಸಬೇಕು ಅನಿಸಿತು. ಅಷ್ಟರಲ್ಲಿ ಅವನಿಗೇ ತಾನು ನಗುತ್ತಿರೋದು ಗೊತ್ತಾಯಿತು. ಒದ್ದೆ ಕೈಯಿಂದ ಬಾಯಿ ಮುಚ್ಚಿಕೊಂಡ.

ಕತ್ತರಿ ನಲ್ಲಿ ನಿಲ್ಲಿಸಿದಳು. ಅವನ ಕೈಯನ್ನ ಬಾಯಿಂದ ಮೆಲ್ಲಗೆ ಬಿಡಿಸಿದಳು. "ನಗಿ. ಪರವಾಗಿಲ್ಲ, ನಗಿ" ಅಂದಳು.

ಅವನು ಅತ್ತ. ಅವಳ ಭುಜದ ಮೇಲೆ ತಲೆಯಿಟ್ಟು ಚಿಕ್ಕ ಮಗುವಿನ ಹಾಗೆ, ತಪ್ಪಾಯಿತು ತಪ್ಪಾಯಿತು ಅಂತ ಅತ್ತ. ಅವಳು ಒಂದು ಕೈಯಲ್ಲಿ ಅವನ ಬೆನ್ನು ಸವರುತ್ತಾ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಒರೆಸಿದ ತಟ್ಟೆ ಹಾಗೇ ಇತ್ತು. ಅವನ ಬೆನ್ನಿಗೆ ಅವಳಿದ್ದಾಳೆ, ಅವಳ ಬೆನ್ನಿಗೆ ಯಾರೂ ಇಲ್ಲವಲ್ಲ ಅಂತ ನಾನು ಎದ್ದು ಹೋಗಿ ಹಿಂದೆ ನಿಂತೆ. ಬೆನ್ನು ಮುಟ್ಟಿದೆ. ಹಲಗೆಯ ಹಾಗಿತ್ತು. ತಟ್ಟೆಯನ್ನ ಅವಳ ಕೈಯಿಂದ ತೆಗೆದುಕೊಂಡೆ.

ಅವಳು ತಿರುಗಲಿಲ್ಲ. "ಅಕ್ಕ, ನಂಗೆ ಮಗು ಬೇಕಿತ್ತು" ಅಂದಳು, ಇನ್ನೊಂದು ಟವೆಲ್ ಬೇಕಿತ್ತು ಅನ್ನೋ ಅದೇ ದನಿಯಲ್ಲಿ.