ಅಕ್ಕನಿಗೆ ಹೇಳದೆ ನೋಡಿದ ಅರಮನೆ

ಗೋಡೆಯೇ ತೆರೆದುಕೊಂಡಿತು. ಮೈತುಂಬ ಚಿನ್ನದ ಬಳ್ಳಿಯ ಚಿತ್ತಾರವಿದ್ದ ಗೋಡೆ. ಅಲ್ಲೊಂದು ಬಾಗಿಲಿದೆಯೆಂದು ನನಗೆ ಹೊಳೆದೇ ಇರಲಿಲ್ಲ. ಒಳಗಿನಿಂದ ಕಪ್ಪು ಕೋಟು ತೊಟ್ಟ ಹೆಂಗಸೊಬ್ಬಳು ಹೊರಗೆ ಬಂದು, ನಮ್ಮತ್ತ ತಲೆಯಾಡಿಸಿ, ಗೋಡೆಯನ್ನು ಮತ್ತೆ ಗೋಡೆ ಮಾಡಿ ಹೋದಳು. ಗಾಲಿಕುರ್ಚಿಯಲ್ಲಿದ್ದ ಹಿರಿಯಮ್ಮ ಮಾಮಾ ಕಬೀರಾ "ಬಿಸ್ಮಿಲ್ಲಾ!" ಎಂದು ನನ್ನ ಕೈ ಹಿಡಿದರು.

ಅದು ವಿಯೆನ್ನಾ ನಗರದಲ್ಲಿ ಹಿಂದಿನ ಚಕ್ರವರ್ತಿಗಳು ಬೇಸಿಗೆ ಕಳೆಯುತ್ತಿದ್ದ ಅರಮನೆ. ನನ್ನಂಥವಳು ಅಲ್ಲಿ ಹೇಗೆಂದು ನೀವು ಕೇಳಬಹುದು. ನಾನು ಒಮಾನಿನ ರುಸ್ತಾಕ್‌ನಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದೇನೆ, ಒಂಬತ್ತು ವರ್ಷವಾಯಿತು. ಮಾಮಾ ಕಬೀರಾ ಎಂದರೆ ದೊಡ್ಡಮ್ಮ, ಆ ಮನೆಯ ಹಿರಿಯ ತಾಯಿ. ಅವರ ಮಗ ಬಾಬಾ ನನ್ನ ಕಫೀಲ್, ಅಂದರೆ ನನ್ನ ವೀಸಾ ಅವರ ಹೆಸರಿನಲ್ಲಿದೆ, ರಜೆ ಕೊಡುವವರೂ ಅವರೇ. ಬೇಸಿಗೆಯಲ್ಲಿ ಮನೆಯವರೆಲ್ಲ ತಂಪು ದೇಶಕ್ಕೆ ಹೋಗುತ್ತಾರೆ. ಈ ವರ್ಷ ಗಾಲಿಕುರ್ಚಿ ತಳ್ಳಲು ನಾನೂ ಹೋದೆ.

ನಾನು ಓದಿದ್ದು ಆರನೇ ಕ್ಲಾಸು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಅಕ್ಕ ಗಿರಿಜ ಮಲ್ಲಿಗೆ ಬೆಳೆದು ನನ್ನನ್ನು ಸಾಕಿದಳು. ರುಸ್ತಾಕ್‌ಗೆ ಬಂದ ಹೊಸತರಲ್ಲಿ ನನಗೆ ಮಾತೇ ಇರಲಿಲ್ಲ. ಅಡುಗೆಮನೆಯಲ್ಲಿ ಕೈಸನ್ನೆ, ಹೊರಗೆ ಅರೆಬರೆ ಹಿಂದಿ. ಊರಿನಲ್ಲಿ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಕ್ಕುತ್ತಿದ್ದವಳಿಗೆ ಇಲ್ಲಿ ಬೆಳಿಗ್ಗೆ ಎದ್ದರೆ ಖರ್ಜೂರ, ಜೊತೆಗೆ ಹಾಲಿಲ್ಲದ ಏಲಕ್ಕಿ ಕಾಫಿ, ಅದು ಕಹ್ವಾ. ತೋಟದ ನಡುವೆ ಹರಿಯುವ ಕಾಲುವೆಗೆ ಫಲಜ್ ಎನ್ನುತ್ತಾರೆ. ಮೊದಲ ವರ್ಷ ಅದರ ಬದಿಯಲ್ಲಿ ಕೂತು ಅತ್ತದ್ದುಂಟು. ಒಂದು ದಿನ ಮಾಮಾ ಕಬೀರಾ ಮಗನ ಹೊಟ್ಟೆಯ ಬಗ್ಗೆ ಅರಬ್ಬಿಯಲ್ಲಿ ಏನೋ ತಮಾಷೆ ಮಾಡಿದರು. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಅವರು ತಿರುಗಿ ನನ್ನನ್ನೇ ನೋಡಿದರು. ಆ ದಿನದಿಂದ ಅವರಿಗೆ ಮಾತ್ರೆ ಕೊಡುವುದು, ತಲೆ ಬಾಚುವುದು ಎಲ್ಲ ನನ್ನ ಪಾಲಿಗೆ ಬಂತು.

ಅರಮನೆಯಲ್ಲಿ ಕಿವಿಗೆ ಇಟ್ಟುಕೊಳ್ಳುವ ಒಂದು ಯಂತ್ರ ಕೊಡುತ್ತಾರೆ, ಅದು ಅರಬ್ಬಿಯಲ್ಲಿ ಕಥೆ ಹೇಳುತ್ತದೆ. ಮಾಮಾ ಕಬೀರಾ ಕೇಳಿಸಿಕೊಂಡು ನನಗೆ ಸುಲಭದ ಮಾತಿನಲ್ಲಿ ಹೇಳುತ್ತಿದ್ದರು. ಕೋಣೆಯ ಮೂಲೆಯಲ್ಲಿ ಆಳೆತ್ತರದ ಬಿಳಿ ಪಿಂಗಾಣಿ ಒಲೆ ಇತ್ತು, ಆದರೆ ಒಲೆಗೆ ಬಾಯಿ ಇರಲಿಲ್ಲ. ಕೆಲಸದವರು ಗೋಡೆಯ ಹಿಂದಿನ ಓಣಿಯಲ್ಲಿ ನಿಂತು ಕಟ್ಟಿಗೆ ತುರುಕುತ್ತಿದ್ದರಂತೆ. ರಾಜರ ಕಣ್ಣಿಗೆ ಬೂದಿ ಬೀಳಬಾರದು, ಬೂದಿ ತೆಗೆಯುವವರೂ ಬೀಳಬಾರದು.

"ನಿನ್ನನ್ನು ಹೀಗೆ ಗೋಡೆಯೊಳಗೆ ಇಟ್ಟರೆ ನಾನು ಯಾರ ಹತ್ತಿರ ಜಗಳ ಮಾಡಲಿ?" ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಮುಂದಿನ ಕೋಣೆಯಲ್ಲಿ ಚಕ್ರವರ್ತಿಯ ಮಂಚವಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಸಪೂರವಾದ ಕಬ್ಬಿಣದ ಮಂಚ, ನಮ್ಮ ಆಸ್ಪತ್ರೆಗಳಲ್ಲಿ ಇರುತ್ತದಲ್ಲ, ಹಾಗೆ. ಹಿಂದಿನ ದಿನವಷ್ಟೇ ಅಕ್ಕನ ಗರ್ಭಕೋಶದ ಆಪರೇಷನ್ ಆಗಿತ್ತು. ಅವಳೂ ಅಂಥದ್ದೇ ಮಂಚದಲ್ಲಿ ಮಲಗಿದ್ದಳು, ಹತ್ತಿರ ಪಕ್ಕದ ಮನೆಯವರು ಬಿಟ್ಟರೆ ಯಾರೂ ಇರಲಿಲ್ಲ.

ಈಗ ಹೇಳಿಬಿಡುತ್ತೇನೆ. ಆಪರೇಷನ್ ದಿನ ಗೊತ್ತಾದಾಗ ಅಕ್ಕ ಫೋನು ಮಾಡಿ "ನೀನು ಬಂದು ಹತ್ತು ದಿನ ಇದ್ರೆ ಸಾಕು" ಎಂದಿದ್ದಳು. ನಾನು ಬಾಬಾ ಹತ್ತಿರ ಕೇಳಿದೆ. ಅವರು ತಮ್ಮ ಹಿಂದಿ-ಅರಬ್ಬಿಯಲ್ಲಿ "ಬಹನ್ ಕೆ ಪಾಸ್ ಜಾನಾ ಹೈ, ರೂಹಿ. ಹಮಾರೆ ಸಾಥ್ ಆನಾ ಹೈ, ತಆಲಿ" ಎಂದರು. ಹೋಗುವುದಾದರೆ ಹೋಗು, ನಮ್ಮ ಜೊತೆ ಬರುವುದಾದರೆ ಬಾ. ಎರಡು ದಿನ ಯೋಚಿಸಿದೆ. ಹುಟ್ಟಿದ ಮೇಲೆ ನೋಡಬೇಕೆಂದು ಎಲ್ಲಿಗೂ ಹೋದವಳಲ್ಲ ನಾನು, ಹೋದದ್ದೆಲ್ಲ ಕೆಲಸಕ್ಕೆ. ಅರಮನೆಯ ಆಸೆ ಗೆದ್ದಿತು. ಅಕ್ಕನಿಗೆ "ಕಫೀಲ್ ಬಿಡುವುದಿಲ್ಲ" ಎಂದೆ. ಗಲ್ಫ್‌ನಲ್ಲಿರುವ ನಮ್ಮವರಿಗೆ ಈ ಮಾತು ಬಹಳ ಉಪಕಾರಿ. ಮದುವೆಗೆ ಬಾರದವರು, ಸತ್ತವರ ಬೊಜ್ಜಕ್ಕೆ ಬಾರದವರು ಎಲ್ಲರೂ ಹೇಳುತ್ತಾರೆ. ಊರಿನಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಅರಮನೆಯ ಹಿಂದೆ ತೋಟ. ಗಿಡಗಳನ್ನೂ ಗೋಡೆಯ ಹಾಗೆ ಕತ್ತರಿಸಿದ್ದಾರೆ, ಒಂದು ಎಲೆ ಹೊರಗೆ ಚಾಚಿಲ್ಲ. ರುಸ್ತಾಕ್‌ನ ತೋಟದಲ್ಲಾದರೆ ಖರ್ಜೂರದ ಕೆಳಗೆ ನಿಂಬೆ, ನಿಂಬೆಯ ಕೆಳಗೆ ಆಡಿನ ಮೇವು, ಎಲ್ಲ ಒಂದರ ಮೈಮೇಲೆ ಒಂದು. ಅರಮನೆಯ ತೋಟದ ಗುಲಾಬಿಯ ಸಾಲಿನ ಹತ್ತಿರ ನಿಂತು ಅಕ್ಕನಿಗೆ ಫೋನು ಮಾಡಿದೆ.

ಅವಳ ಸ್ವರ ನೂಲಿನ ಹಾಗಿತ್ತು. "ನಿನ್ನ ಕಫೀಲನ ಮನಸ್ಸು ತಿರುಗ್ಲಿ ಅಂತ ಕೊರಗಜ್ಜನಿಗೆ ಹೇಳಿಕೊಂಡಿದ್ದೇನೆ. ಚಕ್ಕುಲಿ, ವೀಳ್ಯ ಇಡ್ತೇನೆ ಅಂತ."

ನಮ್ಮ ತುಳುನಾಡಿನಲ್ಲಿ ವಸ್ತು ಕಳೆದರೂ ಅನ್ಯಾಯವಾದರೂ ನಾವು ಹೇಳಿಕೊಳ್ಳುವುದು ಆ ದೈವದ ಹತ್ತಿರ. ಏನೂ ತಪ್ಪು ಮಾಡದ ಮನುಷ್ಯನ ಮೇಲೆ ಅಜ್ಜನ ಮುಂದೆ ದೂರು ಹೋಗಿತ್ತು, ಹೋಗುವಂತೆ ಮಾಡಿದವಳು ನಾನು.

ರುಸ್ತಾಕ್‌ಗೆ ಮರಳಿದ ಮೂರನೇ ದಿನ ಮಾಮಾ ಕಬೀರಾಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಪ್ರಯಾಣದ ಶೀತ ಎದೆಗೆ ಇಳಿದಿದೆ ಎಂದರು ಡಾಕ್ಟರು. ನನಗೆ ಮಾತ್ರ ಬೇರೆಯೇ ಭಯ, ಅಜ್ಜನ ಮುಂದೆ ಹೋದ ದೂರು ಈ ಮನೆಗೆ ತಟ್ಟಿತೋ ಎಂದು. ಮಧ್ಯಾಹ್ನ ವರಾಂಡಕ್ಕೆ ಬಂದು ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ಬಾಬಾ ಹೋಗು ಅಂತ ಹೇಳಿದ್ರು. ನಾನೇ ಬರ್ಲಿಲ್ಲ."

ಆ ಕಡೆ ಕೂಗುತ್ತಿದ್ದ ಕೋಳಿಯನ್ನು ಅಕ್ಕ ಗದರಿಸಿದಳು.

"ಮತ್ತೆ ಎಲ್ಲಿದ್ದಿ?"

"ಅರಮನೆ ನೋಡ್ಲಿಕ್ಕೆ ಹೋಗಿದ್ದೆ. ವಿಯೆನ್ನಾಕ್ಕೆ."

"ನಾನಿಲ್ಲಿ ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಮಲಗಿದ್ದಾಗ ನೀನು ಅರಮನೆಯಲ್ಲಾ?"

"ಹೌದು."

"ಥೂ ಮಾರಾಯ್ತಿ! ಆ ಮನುಷ್ಯನಿಗೆ ನಾನು ಎಷ್ಟು ಬೈದಿದ್ದೇನೆ ಗೊತ್ತುಂಟಾ? ವಾರ್ಡಿನ ನರ್ಸುಗಳೂ ಸೇರಿ ಬೈದಿದ್ದಾರೆ!"

ನಾನು ಅಳುತ್ತ ಮಾಮಾ ಕಬೀರಾ ಜ್ವರದ ವಿಷಯ ಹೇಳಿದೆ. "ಅಜ್ಜನ ಹತ್ರ ಹೇಳಿದ್ದನ್ನು ಹಿಂದೆ ತೆಗಿ ಅಕ್ಕಾ."

"ಎಂತಕ್ಕೆ ತೆಗಿಬೇಕು? ಅವರಿಗೆ ಕೆಟ್ಟದಾಗ್ಲಿ ಅಂತ ನಾನು ಹೇಳಿದ್ದಾ? ಮನಸ್ಸು ತಿರುಗ್ಲಿ ಅಂತ ಹೇಳಿದ್ದು. ಯಾರ ಮನಸ್ಸು ತಿರುಗಬೇಕು ಅಂತ ಅಜ್ಜನಿಗೆ ಗೊತ್ತಿಲ್ವಾ? ಈಗ ತಿರುಗಿತಲ್ಲ. ಹರಕೆ ಬಾಕಿ ಉಂಟು, ಚಕ್ಕುಲಿ ನೀನೇ ತಂದು ಇಡು."

"ಕೋಪ ಉಂಟಾ?"

"ಇಲ್ಲದೆ? ಎದುರು ಕೂರಿಸಿ ಬೈಲಿಕ್ಕುಂಟು ನಿನಗೆ." ಮತ್ತೆ ಕೇಳಿದಳು, "ಅಲ್ಲಿ ಮಲ್ಲಿಗೆ ಉಂಟಾ?"

"ನಾನು ನೋಡಿದ್ದು ಗುಲಾಬಿ ಮಾತ್ರ."

"ಮತ್ತೆಂತ ಅರಮನೆ ಅದು!"

ಇಬ್ಬರೂ ನಕ್ಕೆವು. ಹೊಲಿಗೆ ಎಳೆಯುತ್ತದೆ, ನಗಿಸಬೇಡ ಎಂದು ಬೈದಳು. ಎಷ್ಟೋ ವಾರಗಳ ನಂತರ ಆ ದಿನ ನಾನು ಹೊಟ್ಟೆ ತುಂಬ ಉಂಡೆ. ನಾಲ್ಕು ದಿನದಲ್ಲಿ ಮಾಮಾ ಕಬೀರಾ ಜ್ವರ ಬಿಟ್ಟು ಎದ್ದು ಕೂತು, ಆಸ್ಪತ್ರೆಯ ಸೂಪಿಗೆ ಉಪ್ಪಿಲ್ಲ ಎಂದು ಗದ್ದಲ ಮಾಡಿದರು. ಬಾಬಾಗೂ ನನ್ನ ಸುಳ್ಳನ್ನು ಹೇಳಿದೆ. ಅವರು ಗಡ್ಡ ತುರಿಸಿಕೊಂಡು, "ನಿಮ್ಮ ಊರಿನಲ್ಲಿ ನಾನು ಅಷ್ಟು ಕೆಟ್ಟವನಾ?" ಎಂದು ನಕ್ಕು, ರಜೆಯ ಕಾಗದಕ್ಕೆ ಸಹಿ ಹಾಕಿದರು.

ವಿಯೆನ್ನಾದಿಂದ ಬಂದ ದಿನ ಖರ್ಜೂರದ ಮರ ಕಾಣುತ್ತಲೇ ನನ್ನ ಬಾಯಿಂದ "ಅಬ್ಬ, ಮನೆಗೆ ಬಂದೆವು" ಎಂಬ ಮಾತು ಬಂದಿತ್ತು. ಅಕ್ಕನಿಗೆ ಅದನ್ನು ಇನ್ನೂ ಹೇಳಿಲ್ಲ. ಎದುರು ಕೂತಾಗ ಅದನ್ನೂ ಹೇಳುತ್ತೇನೆ, ಬೈಗುಳದ ಜೊತೆ ಸೇರಿಹೋಗಲಿ. ಬರುವ ತಿಂಗಳು ಊರಿಗೆ ಹೋಗುವುದು ನಿಶ್ಚಯವಾಗಿದೆ. ಎಷ್ಟು ದಿನ ಎಂದು ಎರಡೂ ಕಡೆಯಿಂದ ಕೇಳಿದರು. ಈ ಸಲ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದೇನೆ, ಇಪ್ಪತ್ತೈದು.

"ಅಷ್ಟೇಯಾ?" ಎಂದಳು ಅಕ್ಕ.

"ಅಷ್ಟೊಂದಾ?" ಎಂದರು ಮಾಮಾ ಕಬೀರಾ.